ಮಾತ್ರೆಯಿಂದ ಅಬಾರ್ಷನ್ ಆದ ನಂತರದ ವಾರಗಳು: ನನ್ನ ಅನುಭವ

ಮಾತ್ರೆ ತೆಗೆದುಕೊಳ್ಳುವ ದಿನ ಹೇಗಿರುತ್ತದೆ ಅಂತ ಡಾಕ್ಟರ್ ಚೆನ್ನಾಗಿಯೇ ಹೇಳಿ ಕಳಿಸಿದ್ದರು. ನನ್ನನ್ನು ಹೆದರಿಸಿದ್ದು ಆಮೇಲಿನ ವಾರಗಳು. ರಕ್ತ ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಇದು ಸರಿಯೋ ತಪ್ಪೋ ಅಂತ ಯಾರನ್ನು ಕೇಳುವುದು? ಮುಟ್ಟಿನ ಬಗ್ಗೆಯೇ ಪಿಸುಮಾತಿನಲ್ಲಿ ಮಾತಾಡುವ ಮನೆಗಳಲ್ಲಿ ಇದನ್ನು ಬಾಯಿ ಬಿಟ್ಟು ಕೇಳುವುದು ಕಷ್ಟ. ಹಾಗಾಗಿ ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಆಗಲೇ ಒಂದು ಪುಟ್ಟ ಮಗು ಇತ್ತು. ಮತ್ತೆ ಗರ್ಭ ನಿಂತಾಗ, ಈಗ ಬೇಡ ಅಂತ ನಾನೂ ಗಂಡನೂ ಕೂತು ತೀರ್ಮಾನ ಮಾಡಿದೆವು. ಡಾಕ್ಟರ್ ಮೊದಲು ಸ್ಕ್ಯಾನ್ ಮಾಡಿಸಿದರು. ಗರ್ಭ ಟ್ಯೂಬ್‌ನಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಅಪಾಯ. ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪನ್ನೂ ನೋಡಿದರು. ಮೆಡಿಕಲ್ ಶಾಪಿನಿಂದ ಸುಮ್ನೆ ಕಿಟ್ ತಂದು ನುಂಗುವವರಿಗೆ ಇದ್ಯಾವುದೂ ಸಿಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಈ ಕಿಟ್‌ಗೆ ನಮ್ಮ ದೇಶದಲ್ಲಿ ಒಪ್ಪಿಗೆ ಇರುವುದು 9 ವಾರದವರೆಗೆ ಮಾತ್ರ. ನನಗೆ 7 ವಾರವೂ ತುಂಬಿರಲಿಲ್ಲ.

ಅಲ್ಲಿ ಒಬ್ಬರು ಗಂಡನ ಸಹಿ ಬೇಕು ಅಂದರು. ಬೇಕಾಗಿಲ್ಲ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ 18 ತುಂಬಿದ ಹೆಣ್ಣಿನ ಒಪ್ಪಿಗೆ ಒಂದೇ ಸಾಕು. ಮದುವೆ ಆಗದವರಿಗೂ ಅದೇ ನಿಯಮ. ಗಂಡ ಪಕ್ಕದಲ್ಲೇ ಇದ್ದರೂ ನಾನು ನನ್ನ ಸಹಿಯನ್ನಷ್ಟೇ ಹಾಕಿದೆ.

ಮೊದಲ ಮಾತ್ರೆ ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ಅದನ್ನು ಕ್ಲಿನಿಕ್‌ನಲ್ಲೇ ನುಂಗಿದೆ, ಏನೂ ಅನ್ನಿಸಲಿಲ್ಲ. ಅದಾದ 24ರಿಂದ 48 ಗಂಟೆಯ ಒಳಗೆ ಮಿಸೋಪ್ರೊಸ್ಟಾಲ್. 200 ಮೈಕ್ರೊಗ್ರಾಂನ 4 ಮಾತ್ರೆಗಳು. ನನಗೆ ಹೇಳಿದ್ದು ಹೀಗೆ: ಎರಡೆರಡನ್ನು ಎರಡೂ ಕೆನ್ನೆಯ ಒಳಗೆ ಒತ್ತಿ, ಅರ್ಧ ಗಂಟೆ ಹಾಗೇ ಇಟ್ಟುಕೊಂಡು, ಉಳಿದ ಪುಡಿಯನ್ನು ನೀರಿನ ಜೊತೆ ನುಂಗಬೇಕು. ಪುಡಿ ವಸಡಿಗೆ ಅಂಟಿಕೊಂಡಿತು, ಬಾಯಿ ಒಣಗಿತು. ನೋವಿಗೆ ಐಬುಪ್ರೊಫೆನ್ ಮೊದಲೇ ತೆಗೆದುಕೊಂಡಿದ್ದೆ. ಈ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ಅದೇ ವಾಸಿ. ಸ್ವಲ್ಪ ಹೊತ್ತಿಗೆ ಚಳಿ ಹತ್ತಿತು. ಮಟಮಟ ಮಧ್ಯಾಹ್ನ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಭೇದಿಯೂ ಆಯಿತು. ಚಳಿ, ಭೇದಿ, ಸಣ್ಣ ಜ್ವರ ಮಿಸೋಪ್ರೊಸ್ಟಾಲ್‌ನ ಗುಣವೇ, ಒಂದು ದಿನದಲ್ಲಿ ಹೋಗುತ್ತದೆ.

ರಕ್ತ ಶುರುವಾದಾಗ ಮುಟ್ಟಿನ ಎರಡನೇ ದಿನದ ಥರ ಇತ್ತು. ಆಮೇಲೆ ಜೋರಾಯಿತು. ಬಚ್ಚಲಲ್ಲಿ ಕೂತಾಗ ಗಡ್ಡೆಗಳು ಜಾರಿ ಬೀಳುವುದು ಗೊತ್ತಾಗುತ್ತಿತ್ತು. ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬಂದರೂ ಗಾಬರಿ ಬೇಡ ಅಂತ ಡಾಕ್ಟರ್ ಹೇಳಿದ್ದರಿಂದ ಧೈರ್ಯ ಇತ್ತು. ಅವರು ಕೊಟ್ಟ ಲೆಕ್ಕ ನನಗೆ ಕೊನೆತನಕ ಕೆಲಸಕ್ಕೆ ಬಂತು. ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ಮುಂದುವರಿದರೆ ಆಸ್ಪತ್ರೆಗೆ ಹೊರಡಬೇಕು. ತಲೆಸುತ್ತು ಬಂದು ಬೀಳುವಂತಾದರೂ ಕಾಯಬಾರದು. ಮೊದಲ ದಿನ ಕಳೆದ ಮೇಲೂ ಜ್ವರ ಇದ್ದರೆ, ವಾಸನೆಯ ಸ್ರಾವ ಇದ್ದರೆ, ಮಾತ್ರೆಗೂ ಬಗ್ಗದ ಹೊಟ್ಟೆನೋವಿದ್ದರೆ ತೋರಿಸಲೇಬೇಕು. ಮಿಸೋಪ್ರೊಸ್ಟಾಲ್ ತೆಗೆದುಕೊಂಡು ಒಂದು ದಿನವಾದರೂ ರಕ್ತವೇ ಬರದಿದ್ದರೂ ಅಷ್ಟೇ.

ಪ್ಯಾಡ್ ಬದಲಿಸಿದಾಗಲೆಲ್ಲ ಕ್ಯಾಲೆಂಡರ್ ಹಾಳೆಯ ಹಿಂದೆ ಸಮಯ ಬರೆದಿಡುತ್ತಿದ್ದೆ. ಪೂರ್ತಿ ನೆನೆದಿದ್ದರೆ ಗೀಟು, ಅರ್ಧ ಆಗಿದ್ದರೆ ಚುಕ್ಕೆ. ರಾತ್ರಿ ಎದ್ದು ಕೆಂಪು ನೋಡಿದಾಗ ಮನಸ್ಸು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಹಾಳೆ ನೋಡಿದರೆ ನಿನ್ನೆಗಿಂತ ಗೀಟು ಕಡಿಮೆ ಇರುತ್ತಿತ್ತು. ಆ ಒಂದು ಹಾಳೆಯಿಂದ ನನಗೆ ನಿದ್ದೆ ಬಂತು ಅಂದರೆ ಸುಳ್ಳಲ್ಲ.

ಮೊದಲ ವಾರದ ಕೊನೆಗೆ ರಕ್ತ ಕಂದು ಬಣ್ಣಕ್ಕೆ ತಿರುಗಿತು. ಒಂದೆರಡು ದಿನ ಏನೂ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಮಹಡಿ ಹತ್ತಿದ ದಿನ ಮತ್ತೆ ಕೆಂಪು, ಜೊತೆಗೆ ಸಣ್ಣ ಗಡ್ಡೆ. "ಒಳಗೆ ಉಳಿದಿರಬೇಕು, ಹೋಗಿ ಗರ್ಭಕೋಶ ತೊಳೆಸಿಕೋ" ಅಂದಳು ಅಕ್ಕ. ನಮ್ಮ ಕಡೆ ಎಲ್ಲರೂ ಹೇಳುವುದು ಅದನ್ನೇ. ಡಾಕ್ಟರ್ ಹತ್ತಿರ ಹೋದೆ. ಸ್ಕ್ಯಾನ್‌ನಲ್ಲಿ ಒಳಪದರ ದಪ್ಪಗಿದೆ, ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ ಅಂತ ಬಂತು. ರಿಪೋರ್ಟ್ ಓದಿ ನನ್ನ ಕೈ ನಡುಗಿತು. ಅವರು ಮೊದಲು ನೋಡಿದ್ದು ನನ್ನ ಕ್ಯಾಲೆಂಡರ್ ಹಾಳೆ. ಗರ್ಭ ಹೋಗಿದೆ, ರಕ್ತ ದಿನೇ ದಿನೇ ಇಳಿಯುತ್ತಿದೆ, ಜ್ವರ ಇಲ್ಲ, ವಾಸನೆ ಇಲ್ಲ. ಬರೀ ಒಳಪದರ ದಪ್ಪ ಅಂತ ತೊಳೆಯುವುದಿಲ್ಲ, ಅದು ಈ ಸಮಯದಲ್ಲಿ ಇರುವುದೇ ಹಾಗೆ, ಮುಂದಿನ ಮುಟ್ಟಿನಲ್ಲಿ ಹೋಗುತ್ತದೆ ಅಂದರು. ಸಾಮಾನ್ಯವಾಗಿ ರಕ್ತ 9ರಿಂದ 16 ದಿನ ಹೋಗುತ್ತದಂತೆ. 100ರಲ್ಲಿ ಸುಮಾರು 8 ಜನರಿಗೆ 30 ದಿನ ದಾಟುವುದೂ ಉಂಟು. ನಡುವೆ ನಿಂತು ಮತ್ತೆ ಬರುವುದೂ ಇದ್ದದ್ದೇ. ನಿಜವಾಗಿ ತೊಳೆಯಬೇಕಾದವರೂ ಇರುತ್ತಾರೆ. ಆದರೆ ಅದನ್ನು ತೀರ್ಮಾನಿಸಲು ರಿಪೋರ್ಟಿನ ಒಂದು ಸಾಲು ಸಾಲದು, ಮೈಯಲ್ಲಿ ಏನಾಗುತ್ತಿದೆ ಅಂತಲೂ ನೋಡಬೇಕು. ನಿಮ್ಮ ಡಾಕ್ಟರ್ ತೊಳೆಯಬೇಕು ಅಂದರೆ ಯಾಕೆ ಅಂತ ಕೇಳಿ. ಕೇಳುವ ಹಕ್ಕು ನಮಗಿದೆ ಅಲ್ವಾ?

ಯೂರಿನ್ ಟೆಸ್ಟ್ ಕೂಡ ಬೇಗ ಮಾಡಬೇಡಿ. ಗರ್ಭ ಹೋದ ಮೇಲೂ ಆ ಟೆಸ್ಟ್ ಗುರುತಿಸುವ ಹಾರ್ಮೋನ್ ನಿಧಾನವಾಗಿ ಇಳಿಯುತ್ತದೆ, ಕೆಲವು ವಾರ ಎರಡು ಗೆರೆ ಕಾಣುತ್ತಲೇ ಇರುತ್ತದೆ. ನನಗೆ 4 ವಾರ ಬಿಟ್ಟು ಮಾಡಲು ಹೇಳಿದ್ದರು. ವಾಕರಿಕೆ ಒಂದೆರಡು ದಿನದಲ್ಲೇ ನಿಂತಿತು. ಎದೆಭಾರ ಸ್ವಲ್ಪ ನಿಧಾನವಾಗಿ ಇಳಿಯಿತು.

ಸುಸ್ತು ಮಾತ್ರ ಜಾಸ್ತಿ ದಿನ ಇತ್ತು. ಮೊದಲೇ ನನ್ನ ಹಿಮೋಗ್ಲೋಬಿನ್ 10ರ ಆಸುಪಾಸಿನಲ್ಲಿತ್ತು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುತ್ತಿದ್ದೆ. ರಾಗಿ ಮುದ್ದೆ, ನುಗ್ಗೆಸೊಪ್ಪಿನ ಸಾರು, ಹುರುಳಿಕಾಳು, ಮೊಟ್ಟೆ, ಎಲ್ಲ ತಿಂದೆ. ಉಷ್ಣ, ನಂಜು ಅಂತ ಊಟ ಕಟ್ಟುಮಾಡಲು ನೋಡಿದವರ ಮಾತು ಕೇಳಲಿಲ್ಲ. ರಕ್ತ ಕಳೆದುಕೊಂಡ ಮೈಗೆ ಪಥ್ಯ ಯಾಕೆ? ಬಿಂದಿಗೆ ಎತ್ತುವುದು, ಬಟ್ಟೆ ಒಗೆಯುವುದನ್ನು ಗಂಡ ನೋಡಿಕೊಂಡರು. ಕೆಲವು ಸಂಜೆ ಸುಮ್ನೆ ಅಳು ಬರುತ್ತಿತ್ತು. ತೀರ್ಮಾನದ ಬಗ್ಗೆ ಬೇಸರ ಇರಲಿಲ್ಲ, ಮನಸ್ಸು ಹಗುರವೇ ಆಗಿತ್ತು. ಆದರೂ ಅಳು ಬರುತ್ತಿತ್ತು. ಎರಡೂ ಒಟ್ಟಿಗೇ ಇರಬಹುದು.

ಇನ್ನೊಂದು ವಿಷಯ. ರಕ್ತ ಹೋಗುತ್ತಿದೆ, ಈಗ ಗರ್ಭ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ. ಮಾತ್ರೆ ತೆಗೆದುಕೊಂಡ ಎರಡನೇ ವಾರದಲ್ಲೇ ಅಂಡಾಣು ಬಿಡುಗಡೆ ಆಗಬಹುದು. ಮುಟ್ಟು ಸಾಮಾನ್ಯವಾಗಿ 4ರಿಂದ 8 ವಾರದೊಳಗೆ ಬರುತ್ತದೆ. ನನ್ನ ಮೊದಲ ಮುಟ್ಟು ಮಾಮೂಲಿಗಿಂತ ಜೋರಾಗಿತ್ತು, ಎರಡನೆಯದು ಸರಿಹೋಯಿತು. ಅಷ್ಟರಲ್ಲಿ ಟೆಸ್ಟ್ ಕೂಡ ಒಂದೇ ಗೆರೆ ತೋರಿಸಿತ್ತು. ಇನ್ನು ಕೆಲವು ವರ್ಷ ಮಗು ಬೇಡ ಅಂದಾಗ ಡಾಕ್ಟರ್ ಕಾಪರ್-ಟಿ ಬಗ್ಗೆ ಹೇಳಿದರು, ಅದೇ ಮುಟ್ಟಿನಲ್ಲಿ ಹಾಕಿಸಿಕೊಂಡೆ.