ಪೇಟೆ ಬೀದಿಯ ಸಂಚಾರ ಸೇವಾ ಮಟ್ಟವನ್ನು ವೇಗದಿಂದ ಅಳೆಯುವ ಕ್ರಮ

ಶಿರಸಿಯ ದೇವಿಕೆರೆಯ ಆಸುಪಾಸಿನಲ್ಲೋ ಯಲ್ಲಾಪುರ ನಾಕೆಯಲ್ಲೋ ಸಂಜೆಯ ಹೊತ್ತು ಸಿಕ್ಕಿಕೊಂಡವರೆಲ್ಲ ರಸ್ತೆ ಜಾಮ್ ಆಗಿತ್ತೆಂದು ಹೇಳುತ್ತಾರೆ, ನಗರಸಭೆಗೆ ಸಲ್ಲಿಸುವ ಮನವಿಗಳಲ್ಲಿಯೂ ಅದೇ ಮಾತು ಇರುತ್ತದೆ. ಆದರೆ ಯಾವ ತುಂಡಿನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಸೆಕೆಂಡ್ ಹೆಚ್ಚು ಹಿಡಿಯಿತು ಎಂಬ ಲೆಕ್ಕ ಜೊತೆಗಿದ್ದರೆ ಮಾತ್ರ ಅಂಥ ಮನವಿಯನ್ನು ಇಟ್ಟುಕೊಂಡು ಎಂಜಿನಿಯರ್ ಒಬ್ಬರು ಮುಂದಿನ ಕೆಲಸ ಮಾಡಬಲ್ಲರು. ಒಂದು ಮೊಬೈಲ್ ಫೋನ್, ಒಂದು ವಾಹನ ಹಾಗೂ ಕೆಲವು ದಿನಗಳ ತಾಳ್ಮೆ ಇದ್ದವರು ಈ ಲೆಕ್ಕವನ್ನು ತಾವೇ ತಯಾರಿಸಬಹುದು.

ರಸ್ತೆಗಳನ್ನು ಎ ಯಿಂದ ಎಫ್ ವರೆಗೆ ಆರು ಸೇವಾ ಮಟ್ಟಗಳಲ್ಲಿ, ಅಂದರೆ ಸಂಚಾರ ಎಷ್ಟು ಸುಗಮ ಎಂದು ಹೇಳುವ ದರ್ಜೆಗಳಲ್ಲಿ, ಗುರುತಿಸುವ ಪದ್ಧತಿ ಅಮೆರಿಕದ ‘ಹೈವೇ ಕೆಪಾಸಿಟಿ ಮ್ಯಾನ್ಯುಯಲ್’ನ 1965ರ ಆವೃತ್ತಿಯಿಂದ ಬಂದದ್ದು. ನಗರದ ಬೀದಿಗಳಿಗೆ ಅದರ 2010ರ ಆವೃತ್ತಿ ಬಳಸುವ ಅಳತೆ ಸರಳವಾಗಿದೆ: ದಟ್ಟಣೆಯ ಹೊತ್ತಿನ ಸರಾಸರಿ ಪ್ರಯಾಣ ವೇಗವು ಅದೇ ಬೀದಿಯ ಮುಕ್ತ ವೇಗದ (ದಟ್ಟಣೆಯ ಅಡ್ಡಿ ಇಲ್ಲದಾಗಿನ ವೇಗದ) ಶೇಕಡಾ 85ಕ್ಕಿಂತ ಹೆಚ್ಚಿದ್ದರೆ ಎ, 67ರಿಂದ 85ರೊಳಗಿದ್ದರೆ ಬಿ, 50ರಿಂದ 67 ಸಿ, 40ರಿಂದ 50 ಡಿ, 30ರಿಂದ 40 ಇ, ಅದಕ್ಕೂ ಕೆಳಗಾದರೆ ಎಫ್. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿ, ಅಂದರೆ ಐಆರ್‌ಸಿ 106, ನಗರದ ರಸ್ತೆಗಳನ್ನು ವಿನ್ಯಾಸ ಮಾಡುವಾಗ ಸಿ ಮಟ್ಟವನ್ನು ಗುರಿಯಾಗಿ ಇಟ್ಟುಕೊಳ್ಳಬೇಕೆಂದು ಹೇಳುತ್ತದೆ. ಬೀದಿಯನ್ನು ಅದರದೇ ಮುಕ್ತ ವೇಗಕ್ಕೆ ಹೋಲಿಸುವುದರಿಂದ, ಅಗಲವಾದ ಹೆದ್ದಾರಿಗೂ ಅಂಗಡಿಗಳ ನಡುವಿನ ಇಕ್ಕಟ್ಟಿನ ರಸ್ತೆಗೂ ಒಂದೇ ವೇಗವನ್ನು ಅಳತೆಗೋಲಾಗಿ ಹಿಡಿಯುವ ಅನ್ಯಾಯ ಇಲ್ಲಿ ಆಗುವುದಿಲ್ಲ.

ಮೊದಲು ಬೀದಿಯನ್ನು ವೃತ್ತದಿಂದ ವೃತ್ತಕ್ಕೆ ತುಂಡುಗಳಾಗಿ ವಿಂಗಡಿಸಿಕೊಳ್ಳಬೇಕು. ತುಂಡಿನ ಕೊನೆಯ ಗೆರೆಯನ್ನು ವೃತ್ತದ ಆಚೆಗೆ ಎಳೆಯುವುದು ಅತ್ಯಗತ್ಯ, ಏಕೆಂದರೆ ವೃತ್ತದಲ್ಲಿ ಕಾಯುವ ಹೊತ್ತು ಅದಕ್ಕೆ ಹೋಗಿ ಸೇರುವ ತುಂಡಿನ ಲೆಕ್ಕಕ್ಕೇ ಬರಬೇಕು. ಗೆರೆ ಈಚೆಗೇ ನಿಂತರೆ ಬೀದಿಯ ಅತಿ ದೊಡ್ಡ ವಿಳಂಬವೇ ಕಾಗದದಿಂದ ಮಾಯವಾಗುತ್ತದೆ. ಎರಡು ದಿಕ್ಕುಗಳನ್ನು ಯಾವಾಗಲೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಮುಕ್ತ ವೇಗ ಎಂದರೆ ಬೇರೆ ವಾಹನಗಳ ಅಡ್ಡಿ ಇಲ್ಲದಾಗ ಚಾಲಕರು ಸಹಜವಾಗಿ ಹಿಡಿಯುವ ವೇಗ. ಪ್ರತಿ ಪಥದಲ್ಲಿ ಗಂಟೆಗೆ ಸುಮಾರು 200ಕ್ಕಿಂತ ಕಡಿಮೆ ವಾಹನಗಳು ಓಡುವ ಹೊತ್ತು ಇದಕ್ಕೆ ಸೂಕ್ತ. ನಮ್ಮ ಊರುಗಳಲ್ಲಿ ಬೆಳಕು ಹರಿದ ಮೇಲೆ, ಅಂಗಡಿಗಳ ಬಾಗಿಲು ತೆರೆಯುವುದಕ್ಕೆ ಮುಂಚೆ ಈ ಅವಕಾಶ ಸಿಗುತ್ತದೆ. ಜೋರು ಮಳೆಯ ದಿನ ಎಲ್ಲರೂ ನಿಧಾನವಾಗಿಯೇ ಓಡಿಸುವುದರಿಂದ, ಒಣ ದಿನದ ಮುಕ್ತ ವೇಗವನ್ನು ಆಷಾಢದ ಸಂಜೆಗೆ ಹೋಲಿಸಿದರೆ ತಪ್ಪು ದಟ್ಟಣೆಯದೋ ಮಳೆಯದೋ ತಿಳಿಯದು. ಮಳೆಗಾಲದ ಅಳತೆಗಳಿಗೆ ಬೇರೆಯದೇ ಪಟ್ಟಿ ಇಡುವುದು ಒಳ್ಳೆಯದು.

ಅಳೆಯಲು ಹೊರಡುವಾಗ ಫೋನಿನಲ್ಲಿ ಸೆಕೆಂಡಿಗೊಮ್ಮೆ ಜಿಪಿಎಸ್ ಸ್ಥಾನವನ್ನು ದಾಖಲಿಸುವ ಆ್ಯಪ್ ಒಂದನ್ನು ಚಾಲೂ ಮಾಡಿಟ್ಟು, ಕಾರು ಅಥವಾ ಆಟೋದಲ್ಲಿ ಹೋಗಬೇಕು. ಬೈಕ್ ಸಂದಿಗಳಲ್ಲಿ ನುಸುಳಿ ಮುಂದೆ ಹೋಗುತ್ತದೆ, ಬಸ್ಸು ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಈ ಎರಡನ್ನೂ ಅಳೆಯಬಹುದು, ಆದರೆ ಕಾರಿನ ಲೆಕ್ಕದೊಂದಿಗೆ ಬೆರೆಸಬಾರದು. ನಮ್ಮನ್ನು ಎಷ್ಟು ವಾಹನಗಳು ಹಿಂದಿಕ್ಕುತ್ತವೆಯೋ ಸುಮಾರು ಅಷ್ಟನ್ನೇ ನಾವೂ ಹಿಂದಿಕ್ಕಿದರೆ ನಮ್ಮ ವಾಹನ ಇಡೀ ಪ್ರವಾಹದ ಪ್ರತಿನಿಧಿಯಾಗುತ್ತದೆ. ಶಾಲೆ ಬಿಡುವ ಹೊತ್ತು, ಸಂಜೆಯ ಪೇಟೆ, ಸಾಮಾನ್ಯ ಮಧ್ಯಾಹ್ನ ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಇಪ್ಪತ್ತು ಓಟಗಳಾದರೂ ಇರಲಿ. ಕಾರವಾರದಲ್ಲಿ ಅಳೆಯುವವರು ರವಿವಾರದ ಸಂತೆಯನ್ನೂ, ಶಿರಸಿಯವರು ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂರುವ ಜಾತ್ರೆಯ ದಿನಗಳನ್ನೂ ಸಾಮಾನ್ಯ ದಿನಗಳ ಸರಾಸರಿಗೆ ಸೇರಿಸಬಾರದು.

ಅತಿ ಹೆಚ್ಚು ತಪ್ಪು ಆಗುವುದು ಸರಾಸರಿ ತೆಗೆಯುವಾಗ. ಲೆಕ್ಕಕ್ಕೆಂದು 900 ಮೀಟರ್ ಉದ್ದದ ತುಂಡೊಂದನ್ನು ಊಹಿಸಿಕೊಳ್ಳೋಣ. ಮುಂಜಾನೆ ಅದನ್ನು ದಾಟಲು 81 ಸೆಕೆಂಡ್ ಬೇಕು, ಅಂದರೆ ಮುಕ್ತ ವೇಗ ಗಂಟೆಗೆ 40 ಕಿಲೋಮೀಟರ್. ಸಂಜೆಯ ಮೂರು ಓಟಗಳಿಗೆ 90, 180 ಮತ್ತು 270 ಸೆಕೆಂಡ್ ಹಿಡಿಯಿತು. ವೇಗಗಳು ಕ್ರಮವಾಗಿ 36, 18 ಮತ್ತು 12. ಈ ಮೂರು ವೇಗಗಳನ್ನು ಕೂಡಿ ಮೂರರಿಂದ ಭಾಗಿಸಿದರೆ 22 ಬರುತ್ತದೆ, ಅದು ಮುಕ್ತ ವೇಗದ ಶೇಕಡಾ 55, ಬೀದಿಗೆ ಸಿ ದರ್ಜೆ. ಆದರೆ ಜನರು ರಸ್ತೆಯಲ್ಲಿ ಕಳೆಯುವುದು ಸಮಯವನ್ನು. ಸಮಯಗಳ ಸರಾಸರಿ 180 ಸೆಕೆಂಡ್, ಅದರಿಂದ ಸಿಗುವ ವೇಗ 18, ಅದು ಶೇಕಡಾ 45, ಅಂದರೆ ಡಿ ದರ್ಜೆ. ಎರಡನೆಯದೇ ಸರಿಯಾದ ಕ್ರಮ: ಮೊದಲು ಸಮಯಗಳ ಸರಾಸರಿ, ಆಮೇಲೆ ದೂರವನ್ನು ಅದರಿಂದ ಭಾಗಿಸುವುದು. ಮೊದಲನೆಯ ಕ್ರಮ ಬೀದಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಪೇಟೆಯಲ್ಲಿ ದಿನವೂ ಕಾಯುವವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ದರ್ಜೆ ಸಿಕ್ಕ ಮೇಲೆ ಕಾರಣವನ್ನು ಹುಡುಕಬೇಕು. ದಾಖಲೆಯಲ್ಲಿ ವೇಗವು ಗಂಟೆಗೆ 5 ಕಿಲೋಮೀಟರಿಗಿಂತ ಕೆಳಗಿಳಿದ ಸೆಕೆಂಡುಗಳನ್ನು ನಿಂತ ಸಮಯವೆಂದು ಎಣಿಸಿರಿ. ಆ 180 ಸೆಕೆಂಡುಗಳಲ್ಲಿ 60 ಸೆಕೆಂಡ್ ನಿಂತದ್ದಾದರೆ ಓಡುವಾಗಿನ ವೇಗ ಸುಮಾರು 27 ಆಗುತ್ತದೆ; ಅಂದರೆ ತೊಂದರೆಯ ದೊಡ್ಡ ಪಾಲು ವೃತ್ತದಲ್ಲೋ, ರಸ್ತೆಯ ಮೇಲೆಯೇ ಸರಕು ಇಳಿಸುವ ಲಾರಿಯ ಹಿಂದೆಯೋ ಇದೆ. ನಿಂತ ಸಮಯ ಕಡಿಮೆಯಿದ್ದೂ ವೇಗ ಕುಸಿದಿದ್ದರೆ ಅಕ್ಕಪಕ್ಕದ ಪಾರ್ಕಿಂಗ್, ಹೊಂಡಗಳು, ರಸ್ತೆಗಿಳಿದು ನಡೆಯಬೇಕಾದ ಪಾದಚಾರಿಗಳು ಇವುಗಳ ಕಡೆಗೆ ನೋಡಬೇಕು. ಇಪ್ಪತ್ತು ಓಟಗಳನ್ನು ಸಮಯದ ಏರಿಕೆಯ ಕ್ರಮದಲ್ಲಿ ಬರೆದು ಹತ್ತೊಂಬತ್ತನೆಯದನ್ನು ಮುಕ್ತ ವೇಗದಲ್ಲಿ ಹಿಡಿಯುವ ಸಮಯದಿಂದ ಭಾಗಿಸಿದರೆ, ಬಸ್ಸು ತಪ್ಪಬಾರದೆನ್ನುವವರು ಎಷ್ಟು ಪಟ್ಟು ಹೊತ್ತು ಕೈಯಲ್ಲಿಟ್ಟುಕೊಂಡು ಹೊರಡಬೇಕೆಂಬುದು ಸ್ಥೂಲವಾಗಿ ತಿಳಿಯುತ್ತದೆ.

ಈ ದರ್ಜೆ ವಾಹನದಲ್ಲಿ ಕುಳಿತವರದು ಮಾತ್ರ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಶಾಲೆಯ ಮುಂದಿನ ರಸ್ತೆಯಲ್ಲಿ ಡಿ ಬಂದಿತೆಂದು ವೇಗ ಹೆಚ್ಚಿಸಲು ಹೊರಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ದಾಟುವ ಮಕ್ಕಳ ಕಾಯುವಿಕೆಯನ್ನು ಬೇರೆಯಾಗಿ ಅಳೆಯಬೇಕು. ತುಂಡಿನ ಆರಂಭ ಮತ್ತು ಕೊನೆಯ ಗುರುತು, ವಾಹನ, ದಿನಾಂಕ, ಹವೆ ಹಾಗೂ ಪ್ರತಿ ಓಟದ ಮೂಲ ಸಮಯ ಇವಿಷ್ಟನ್ನೂ ವರದಿಗೆ ಲಗತ್ತಿಸಿಟ್ಟರೆ, ವೃತ್ತದ ವಿನ್ಯಾಸವೋ ಪಾರ್ಕಿಂಗ್ ನಿಯಮವೋ ಬದಲಾದ ಮೇಲೆ ಅದೇ ಗೆರೆಗಳ ನಡುವೆ, ಅದೇ ಬಗೆಯ ವಾಹನದಲ್ಲಿ, ಅದೇ ಹೊತ್ತಿಗೆ ಮತ್ತೆ ಓಡಿ ಹೋಲಿಸಬಹುದು.