ಮೋಲಿನೇರ್ ಹಾದಿಯಲ್ಲಿ ನಾಲ್ಕು ಸಾವಿರ ಚೀಟಿ

ಸ್ಪ್ಯಾನಿಷ್‌ನಿಂದ ನೇರವಾಗಿ ಕನ್ನಡಕ್ಕೆ ಅನುವಾದಿಸಲು ನಾನು ಚೀಟಿ ಬರೆದಿಟ್ಟುಕೊಳ್ಳುತ್ತೇನೆ ಎಂದಾಗ, ಫೋನಿನಲ್ಲೇ ನಿಘಂಟಿರುವಾಗ ಈ ಚಾಳಿ ಏಕೆಂದು ಜೊತೆಯವರು ನಗುತ್ತಿದ್ದರು. ಕಳೆದ ವರ್ಷ ನನ್ನ ಕರಡು ಒಂದೇ ಸುತ್ತಿನ ತಿದ್ದುಪಡಿಯಲ್ಲಿ ಅಚ್ಚಿಗೆ ಹೋದ ಮೇಲೆ, ಅವರಲ್ಲೇ ಇಬ್ಬರು ಚೀಟಿಯ ಡಬ್ಬಗಳನ್ನು ನೋಡಲು ಮನೆಗೆ ಬಂದರು.

ದಾರಿ ತೋರಿದವರು ಸ್ಪೇನಿನ ನಿಘಂಟುಗಾರ್ತಿ ಮರಿಯಾ ಮೋಲಿನೇರ್. 1900ರಲ್ಲಿ ಅರಗಾನ್ ಸೀಮೆಯ ಪನಿಸಾದಲ್ಲಿ ಹುಟ್ಟಿ, ಸಾರಗೋಸಾದಲ್ಲಿ ಇತಿಹಾಸ ಓದಿ, 1922ರಲ್ಲಿ ಗ್ರಂಥಾಲಯ ಮತ್ತು ದಾಖಲೆಗಳ ಸರ್ಕಾರಿ ಸೇವೆ ಸೇರಿದ ಇವರನ್ನು, ಅಂತರ್ಯುದ್ಧ ಮುಗಿದ ಮೇಲೆ ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಸೇವಾಪಟ್ಟಿಯಲ್ಲಿ 18 ಸ್ಥಾನ ಕೆಳಕ್ಕೆ ತಳ್ಳಿತು. ಮ್ಯಾಡ್ರಿಡ್‌ನ ಎಂಜಿನಿಯರಿಂಗ್ ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಲೇ, ಸುಮಾರು ಹದಿನೈದು ವರ್ಷ ಮನೆಯಲ್ಲಿ ಚೀಟಿ ಬರೆದು, 1966-67ರಲ್ಲಿ ಸ್ಪ್ಯಾನಿಷ್ ಬಳಕೆಯ ನಿಘಂಟನ್ನು ಎರಡು ಸಂಪುಟಗಳಲ್ಲಿ ತಂದರು. 1972ರಲ್ಲಿ ಸ್ಪ್ಯಾನಿಷ್ ಅಕಾಡೆಮಿಯ ಸದಸ್ಯತ್ವಕ್ಕೆ ಇವರ ಹೆಸರು ಮುಂದೆ ಬಂದರೂ ಅದು ಬೇರೊಬ್ಬರನ್ನು ಆರಿಸಿತು. ನಷ್ಟ ಅಕಾಡೆಮಿಯದೇ. ಅಕ್ಷರಮಾಲೆಯಲ್ಲಿ ‘ಚ’ಕಾರವನ್ನು (ch) ಬೇರೆ ಅಕ್ಷರವಾಗಿ ಇಡದೆ ‘ಸಿ’ಯೊಳಗೇ (c) ಸೇರಿಸಿದ ಅವರ ಕ್ರಮವನ್ನು ಅದು ಒಪ್ಪಿದ್ದು 1994ರಲ್ಲಿ.

ಅರ್ಥಕ್ಕಿಂತ ಬಳಕೆ ಮುಖ್ಯವೆಂಬುದನ್ನು ನಾನು ದುಡ್ಡು ತೆತ್ತು ಕಲಿತೆ. ‘ಸೊನ್ಯಾರ್’ ಎಂದರೆ ಕನಸು ಕಾಣು. ಅದಕ್ಕೆ ‘ಕೋನ್’, ಅಂದರೆ ‘ಜೊತೆ’, ಅಂಟಿಕೊಂಡಿರುತ್ತದೆ. ತಾಯಿ ಕನಸಿನಲ್ಲಿ ಬಂದಳು ಎನ್ನಬೇಕಾದಲ್ಲಿ ‘ತಾಯಿಯೊಂದಿಗೆ ಕೂಡಿ ಕನಸು ಕಂಡಳು’ ಎಂದು ಬರೆದೆ. ಪುಟ ಮತ್ತೆ ಅಚ್ಚು ಹಾಕಿಸಿದ ಖರ್ಚೆಂದು ಪ್ರಕಾಶಕರು ಆರು ಸಾವಿರದಷ್ಟು ಮುರಿದುಕೊಂಡರು.

ಮೊದಲು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದೆ. ಒಂಬೈನೂರು ಪದಗಳಾದ ಮೇಲೆ ಅದನ್ನು ತೆರೆದೇ ನೋಡಲಿಲ್ಲ. ನೋಟುಬುಕ್ಕಿನಲ್ಲಿ ನಡುವೆ ಸೇರಿಸಲು ಜಾಗವಿರಲಿಲ್ಲ. ಕೊನೆಗೆ ಕೈಹಿಡಿದದ್ದು ಹಳೆಯ ಮದುವೆ ಕರೆಯೋಲೆಗಳು: ಒಂದನ್ನು ನಾಲ್ಕಾಗಿ ಕತ್ತರಿಸಿ, ಖಾಲಿ ಬೆನ್ನಿಗೆ ಒಂದು ಕ್ರಿಯಾಪದ, ಅದರ ಜೊತೆಗಾರ ಪದ, ಓದಿದ ಕಡೆ ಸಿಕ್ಕ ಒಂದು ವಾಕ್ಯ, ಅದರ ಕೆಳಗೆ ಮನೆಯಲ್ಲಿ ಆಡುವ ಕನ್ನಡ. ಕಾಗದಕ್ಕೆ ಕಾಸಿಲ್ಲ. ಮೋಲಿನೇರ್ ನಿಘಂಟಿನ ಹಳೆಯ ಸಂಪುಟಗಳಿಗೆ ಮಾತ್ರ ಅಂಚೆ ಸೇರಿ ಹನ್ನೆರಡು ಸಾವಿರದ ಹತ್ತಿರವಾಯಿತು. ಮನೆಯವರು ಒಂದು ವಾರ ಮಾತು ಬಿಟ್ಟರು. ಚೀಟಿಗಳನ್ನು ಡಬ್ಬದೊಳಗೆ ಯಾವ ಕ್ರಮದಲ್ಲಿ ಜೋಡಿಸುತ್ತೇನೆಂಬುದನ್ನು ಬಂದಿದ್ದ ಇಬ್ಬರಿಗೂ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ನಡುವೆ ಕನ್ನಡದ ‘ಹಿಡಿ’ಗೂ ಚೀಟಿ ಮಾಡಿ ನೋಡಿದೆ: ಬೆಂಕಿ ಹಿಡಿಯಿತು, ಮಳೆ ಹಿಡಿಯಿತು, ತುಕ್ಕು ಹಿಡಿಯಿತು, ಹಟ ಹಿಡಿದ. ಮೂವತ್ತೇಳಕ್ಕೆ ನಿಲ್ಲಿಸಿದ್ದೆ. ಅಚ್ಚಾದ ಮೇಲೂ ಮೋಲಿನೇರ್ ತಮ್ಮ ನಿಘಂಟನ್ನು ತಿದ್ದುತ್ತಲೇ ಇದ್ದರು. ನಾನೂ ಇದನ್ನು ಬರೆಯುತ್ತಿರುವಾಗ ಹಾಲು ತಳ ಹಿಡಿಯಿತೆಂದು ಅಡುಗೆಮನೆಯಿಂದ ಕೂಗು ಬಂತು, ಒಂದು ಚೀಟಿ ತೆಗೆದುಕೊಂಡೆ.