ಬಚ್ಚಲ ನೀರು ಬಾವಿಗೆ ಸೇರದ ಹಾಗೆ: ಕರಾವಳಿ ಮನೆಗೊಂದು ಜಲ್ಲಿ ಬೆಡ್

ಘಟ್ಟದ ಮೇಲೆ ಬಚ್ಚಲು ಗುಂಡಿ ಅಂದ್ರೆ ಸುಲಭ, ಗುಂಡಿ ತೋಡಿ ಕಲ್ಲು ತುಂಬಿ ಪೈಪ್ ಬಿಟ್ರೆ ಆಯ್ತು, ನೀರು ಇಂಗ್ತದೆ. ನಮ್ಮಲ್ಲಿ ಹಾಗಲ್ಲ ಮಾರಾಯ್ರೆ. ಮಲ್ಪೆ, ಮರವಂತೆ, ಉಳ್ಳಾಲದ ಬದಿಯ ಹೊಯಿಗೆ (ಮರಳು) ನೆಲ ಬೇಸಿಗೆಯಲ್ಲಿ ಎಷ್ಟು ಬಿಟ್ರೂ ಕುಡೀತದೆ, ಆದ್ರೆ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸ್ವಲ್ಪ ತೋಡಿದ್ರೆ ನೀರೇ ಮೇಲೆ ಬರ್ತದೆ, ಆಗ ಗುಂಡಿಯ ನೀರು ಯಾವುದು ಬಾವಿಯ ನೀರು ಯಾವುದು ಅಂತ ಬೇರೆ ಮಾಡ್ಲಿಕ್ಕೆ ಆಗುದಿಲ್ಲ. ಹಾಗಾಗಿ ಕೆಳಗೆ ಇಳಿಸೋ ಯೋಚನೆ ಬಿಡಿ, ಜಲ್ಲಿ ತುಂಬಿ ಗಿಡ ನೆಟ್ಟ ತೊಟ್ಟಿಯಲ್ಲಿ, ಅದೇ ಈ ಬೆಡ್, ನೆಲದ ಮೇಲೆಯೇ ಕ್ಲೀನ್ ಮಾಡಿ ತೆಂಗಿಗೆ ಕೊಡಿ.

ಮೊದಲು ಲೆಕ್ಕ. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, 5 ಜನರ ಮನೆಗೆ 275. ಅದ್ರಲ್ಲಿ ಟಾಯ್ಲೆಟ್‌ದು ಬಿಟ್ಟು ಬಚ್ಚಲು, ಅಡುಗೆಮನೆ, ಬಟ್ಟೆ ಒಗೆದದ್ದು ಎಲ್ಲ ಸೇರಿ 200 ಲೀಟರ್ ಹೊರಗೆ ಬರ್ತದೆ ಅಂತ ಇಟ್ಕೊಳ್ಳಿ. ಪಂಪ್, ಓವರ್‌ಹೆಡ್ ಟ್ಯಾಂಕ್ ಇದ್ರೆ ಇದ್ರ ಡಬಲ್ ಆದ್ರೂ ಆಶ್ಚರ್ಯ ಇಲ್ಲ, ಬೆಡ್ಡೂ ಡಬಲ್ ಬೇಕು.

ಟಾಯ್ಲೆಟ್ ಲೈನ್ ಮಾತ್ರ ಇದಕ್ಕೆ ಸೇರಿಸ್ಲೇಬಾರದು. ಅದಕ್ಕೆ ಬೇರೆ ಜೋಡಿ ಗುಂಡಿ, ಅದೂ ದೊಡ್ಡ ಹರಳಿನ ಹೊಯಿಗೆ ನೆಲ ಆದ್ರೆ ಅಡಿಗೆ ಸಿಮೆಂಟ್ ಹಾಕಿ ಸುತ್ತ ಅರ್ಧ ಮೀಟರ್ ದಪ್ಪ ಸಣ್ಣ ಹೊಯಿಗೆ ತುಂಬ್ಬೇಕು.

ಈಗ ಎಣ್ಣೆ ಹಿಡಿಯೋ ಡ್ರಮ್. ಇದನ್ನ ಸ್ಕಿಪ್ ಮಾಡಿದವರ ಬೆಡ್ ಬೇಗ ಹಾಳಾಗ್ತದೆ. ನಮ್ಮ ಅಡುಗೆ ಎಲ್ಲ ತೆಂಗಿನೆಣ್ಣೆ, ಅದು 24 ಡಿಗ್ರಿಯಿಂದ ಕೆಳಗೆ ಗಟ್ಟಿ ಆಗ್ತದೆ, ಡಿಸೆಂಬರ್ ಬೆಳಿಗ್ಗೆ ಬಾಟ್ಲಿಯಲ್ಲಿ ಎಂತ ಆಗ್ತದೋ ಪೈಪಲ್ಲೂ ಅದೇ. ಮೇಲಿಂದ ಬೂತಾಯಿ ಮೀನಿನ ನೆಣ ಬೇರೆ. 100 ಲೀಟರಿನ ಪ್ಲಾಸ್ಟಿಕ್ ಡ್ರಮ್ ಸಾಕು, ಒಳಗೆ ಬರೋ ಪೈಪಿಗೂ ಹೊರಗೆ ಹೋಗೋ ಪೈಪಿಗೂ T ಆಕಾರದ ಪೈಪ್ ತುಂಡು ಹಾಕಿ ಬಾಯಿ ಕೆಳಮುಖ ಇಡಿ, ಎಣ್ಣೆ ಮೇಲೆ ತೇಲ್ತದೆ, ಮಣ್ಣು ಅಡಿಗೆ ಕೂರ್ತದೆ, ನಡುವಿನ ನೀರು ಮಾತ್ರ ಮುಂದೆ ಹೋಗ್ತದೆ. ಎರಡು ವಾರಕ್ಕೊಮ್ಮೆ ಮೇಲಿನ ಕೆನೆ ತೆಗೀಬೇಕು, ಗಲೀಜು ಕೆಲಸ, ಬೇರೆ ದಾರಿ ಇಲ್ಲ. ಮೀನಿನ ಹುರುಪೆ, ಕರುಳು ಡ್ರಮ್ಮಿಗೆ ಬಿಡ್ಬೇಡಿ, ಅದೂ ಮೀನು ಮೊದಲ ಸಲ ತೊಳೆದ ನೀರೂ ನೇರ ತೆಂಗಿನ ಬುಡಕ್ಕೆ, ದಿನಾ ಬೇರೆ ಬೇರೆ ಮರಕ್ಕೆ.

ಡ್ರಮ್ಮಿನ ನಂತರ ಬೆಡ್. 10 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರ. ಮುರಕಲ್ಲಲ್ಲಿ (ಜಂಬಿಟ್ಟಿಗೆ) ಕಟ್ಟಿ, ಆದ್ರೆ ಮುರಕಲ್ಲು ನೀರು ಹೀರ್ತದೆ, ಒಳಗೆ ದಪ್ಪ ಟರ್ಪಾಲು ಹಾಸ್ಲೇಬೇಕು. ಅಡಿ ಹೊರಹೋಗೋ ಬದಿಗೆ ಚೂರು ಇಳಿಜಾರಿರಲಿ. ಎರಡೂ ತುದಿಗೆ ಒಂದೂವರೆ ಇಂಚಿನ ದಪ್ಪ ಜಲ್ಲಿ, ನಡುವೆ ಅರ್ಧದಿಂದ ಮುಕ್ಕಾಲು ಇಂಚಿಂದು, ಪುಡಿ ಹೋಗೋವರೆಗೆ ತೊಳೆದು ಹಾಕಿ. ಹೊರಗಿನ ಪೈಪಿಗೆ ತಿರುಗೋ ಎಲ್ಬೋ (ಬಾಗಿದ ಪೈಪ್ ತುಂಡು) ಕೊಟ್ಟು ನೀರು ಜಲ್ಲಿಯ ಮೇಲ್ಮೈಯಿಂದ ಎರಡು ಮೂರು ಇಂಚು ಕೆಳಗೇ ನಿಲ್ಲೋ ಹಾಗೆ ಸೆಟ್ ಮಾಡಿ. ಮೇಲೆ ನೀರು ಕಾಣಿಸಿದ್ರೆ ಸೊಳ್ಳೆ ಆಯ್ತು ಅಂತಲೇ ಲೆಕ್ಕ. ಕಲ್ಲಿನ ಸಂದಿಯಲ್ಲಿ 900 ಲೀಟರ್ ಹಿಡೀತದೆ, ಅಂದ್ರೆ ಇವತ್ತಿನ ನೀರು ಹೊರಗೆ ಬರ್ಲಿಕ್ಕೆ ನಾಲ್ಕು ದಿನ ಮೇಲೆ ಬೇಕು, ಅಷ್ಟರಲ್ಲಿ ಕಲ್ಲಿಗೂ ಬೇರಿಗೂ ಅಂಟಿದ ಬ್ಯಾಕ್ಟೀರಿಯಾ ಕೊಳೆ ತಿಂದಿರ್ತದೆ. ಕೆಲಸ ಮಾಡೋದು ಅವೇ, ಆಸಿಡ್, ಬ್ಲೀಚಿಂಗ್ ಸುರಿದ್ರೆ ಸಾಯ್ತವೆ.

ಗಿಡಕ್ಕೆ ಕಾಬಾಳೆ (ಕ್ಯಾನಾ ಹೂವಿನ ಗಿಡ) ಬೆಸ್ಟ್, ಅಡಿಗೊಂದು ಗಡ್ಡೆ ಊರಿ. ಕೆಸುವೂ ಚೆನ್ನಾಗಿ ಬರ್ತದೆ, ಆದ್ರೆ ಆ ಎಲೆಯಲ್ಲಿ ಪತ್ರೊಡೆ ಬೇಡ.

ಮಳೆಗಾಲ ನೋಡಿ ನಿಜವಾದ ಪರೀಕ್ಷೆ. ದಿನಕ್ಕೆ 100 ಮಿ.ಮೀ. ಮಳೆ ಬಂದ್ರೆ ಬೆಡ್ ಮೇಲೆ ನೇರ ಬೀಳೋದೇ 450 ಲೀಟರ್ ಮೇಲೆ, ಮನೆಯ ಕೊಳೆನೀರಿನ ಎರಡರಷ್ಟು! ಅಷ್ಟು ಹೇಗೋ ತಡೀತದೆ ಬಿಡಿ, ಆದ್ರೆ 1000 ಚದರ ಅಡಿ ಮಾಡಿನ (ಛಾವಣಿಯ) ನೀರು ಅದೇ ದಿನ 9000 ಲೀಟರ್, ಅದು ಒಳಗೆ ಬಂದ್ರೆ ಕೊಳೆ ಎಲ್ಲ ತೊಳ್ಕೊಂಡು ಹೋಗ್ತದೆ. ಮಾಡಿನ ನೀರಿಗೆ ಬೇರೆ ಚರಂಡಿ, ಬೆಡ್ಡಿನ ಅಂಚು ಅಂಗಳಕ್ಕಿಂತ ಒಂದಡಿಯಾದ್ರೂ ಎತ್ತರ, ಇದ್ರಲ್ಲಿ ರಾಜಿ ಇಲ್ಲ.

ಹೊರಬಂದ ನೀರು ಕುಡೀಲಿಕ್ಕೆ, ಸೊಪ್ಪಿಗೆ ಆಗುದಿಲ್ಲ. ತೂತಿನ ಪೈಪಲ್ಲಿ ತೆಂಗಿಗೆ ಬಿಡಿ, ಬಾವಿಯಿಂದ ದೂರ, ತಗ್ಗಿನ ಬದಿಗೆ. ಬಾಳೆಯೂ ಆಗ್ತದೆ, ಆದ್ರೆ ಹೊಳೆ ಬದಿಯಲ್ಲಿ ನಿಮ್ಮ ಬಾವಿ ನೀರೇ ಚೂರು ಉಪ್ಪಾಗಿದ್ರೆ, ಮೇಲಿಂದ ಸೋಪಿನ ಸೋಡಿಯಂ ಬೇರೆ ಸೇರಿ ಬಾಳೆ ತಡ್ಕೊಳ್ಳುದಿಲ್ಲ, ತೆಂಗು ತಡೀತದೆ.

ಕೊಳೆತ ಮೊಟ್ಟೆ ವಾಸನೆ ಬಂತಾ, ಒಳಬರೋ ತುದಿಯ ಜಲ್ಲಿ ಕಟ್ಟಿದೆ ಅಂತ ಅರ್ಥ, ಆ ಎರಡಡಿ ಮಾತ್ರ ತೆಗೆದು ತೊಳೆದು ಹಾಕಿ. ಬಚ್ಚಲು ಗುಂಡಿಗೆ ಪಂಚಾಯ್ತಿಯಲ್ಲಿ ಸಹಾಯ ಸಿಗ್ತದಾ ಕೇಳಿ, ಆದ್ರೆ ಇಂಗುಗುಂಡಿ ಬದಲು ಇದನ್ನ ಒಪ್ತಾರಾ ಅಂತ ಕೆಲಸ ಶುರು ಮಾಡೋ ಮೊದಲೇ ಕೇಳ್ಕೊಳ್ಳಿ. ಮತ್ತೆ ಕಾಬಾಳೆ ಬೇರು ಹಿಡೀಲಿಕ್ಕೆ ಎರಡು ಮೂರು ತಿಂಗಳು ಬೇಕು, ಪತ್ತನಾಜೆ (ಮೇ ಕೊನೆ, ಮಳೆಗಾಲದ ಬಾಗಿಲು) ಹತ್ರ ಬಂದ ಮೇಲೆ ಗುದ್ದಲಿ ಹಿಡಿಯೋ ಬದಲು ಜನವರಿಯಲ್ಲೇ ಶುರು ಮಾಡಿ.